ಎರಡನೇ ತತ್ತಿ

2024ರ ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಅರಣ್ಯ ರಕ್ಷಕ ಬೀರೇಶ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಗ್ರಾಮೀಣ ಠಾಣೆಯ ಮೆಟ್ಟಿಲು ಹತ್ತಿದ. ಕೈಯಲ್ಲೊಂದು ಅರ್ಜಿ ಇತ್ತು. ಅದೂ ಅರ್ಧ ಒದ್ದೆಯಾಗಿತ್ತು.

ಮೇಜಿನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಬಾಷುಮಿಯಾ ಕೂತಿದ್ದರು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಎಮ್ಮೆ ಕಳುವು, ಪಂಪ್‌ಸೆಟ್ ಕಳುವು, ಒಮ್ಮೆ ಮದುವೆ ಮನೆಯ ಬಿರಿಯಾನಿ ಹಂಡೆಯ ಕಳುವನ್ನೂ ಬರೆದುಕೊಂಡವರು. ಯಾವ ದೂರಿಗೂ ಅವರ ಹುಬ್ಬು ಮೇಲೇಳುತ್ತಿರಲಿಲ್ಲ.

“ಏನು ಕಳುವಾಗ್ಯಾದ?”

“ತತ್ತಿ ರಿ.”

“ಎಷ್ಟು ಟ್ರೇ?”

“ಒಂದೇ ತತ್ತಿ ರಿ.”

ಬಾಷುಮಿಯಾ ಪೆನ್ನು ಕೆಳಗಿಟ್ಟರು. “ಮುಂಜಾನಿ ಮುಂಜಾನಿ ಪೊಲೀಸರ ಜೋಡಿ ಚೇಷ್ಟಿ ಮಾಡಾಕತ್ತೀ ಏನೋ?”

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಮರಿಲಿಂಗ ಎದ್ದು ಬಂದರು. ಸೈದಾಪುರದ ಕಡೆಯವರು. ಮಾತು ನಿಧಾನ, ನಡಿಗೆ ಇನ್ನೂ ನಿಧಾನ. ಸಾಹೇಬರು ಎದ್ದಿದ್ದಾರೋ ನಿದ್ದೆಯಲ್ಲಿದ್ದಾರೋ ತಿಳಿಯುವುದಿಲ್ಲ ಎಂದು ಠಾಣೆಯವರು ಬೆನ್ನ ಹಿಂದೆ ನಗುತ್ತಿದ್ದರು. ಈಗ ಮಾತ್ರ ಅವರು ಪೂರ್ತಿ ಎಚ್ಚರವಾಗಿದ್ದರು.

“ಸಾರಸದ್ದೇನು?”

“ಹೌದ್ರಿ ಸರ್. ತೆಗ್ಗಿನಾಳ ಕೆರಿದು.”

ಜುಲೈ ಎರಡನೇ ವಾರದಲ್ಲಿ ಆ ಸಾರಸ ಹಕ್ಕಿಗಳ ಜೋಡಿ ಬಂದು ತೆಗ್ಗಿನಾಳ ಕೆರೆಯಲ್ಲಿ ಇಳಿದಿತ್ತು. ನಿಂತರೆ ಆಳೆತ್ತರ, ಬೂದಿ ಬಣ್ಣದ ಮೈ, ಕೆಂಪು ತಲೆ, ಕೆಂಪು ಕತ್ತು. ಸುರಪುರ ಸೀಮೆಯಲ್ಲಿ ಅಂಥ ಹಕ್ಕಿಯನ್ನು ಕಣ್ಣಾರೆ ಕಂಡ ಯಾರೂ ಬದುಕಿರಲಿಲ್ಲ. ಹಕ್ಕಿ ಬಲ್ಲವರು ಬಂದು ನೋಡಿ, ಇದು ಸಾರಸದ ಭಾರತೀಯ ಉಪಜಾತಿ, ದೇಶದಲ್ಲೇ ಕಮ್ಮಿಯಾಗುತ್ತಿರುವ ಸಂತಾನ, ಇಲ್ಲಿ ಗೂಡು ಕಟ್ಟಿದ್ದೇ ದೊಡ್ಡ ಮಾತು ಎಂದು ದನಿ ತಗ್ಗಿಸಿ ಹೇಳಿ ಹೋಗಿದ್ದರು. ಆಗಸ್ಟ್ ಇಪ್ಪತ್ತರ ಸುಮಾರಿಗೆ ಆಪಿನ ಹುಲ್ಲಿನ ನಡುವಿನ ಆ ಗೂಡಿನಲ್ಲಿ ಎರಡು ಮೊಟ್ಟೆ ಬಿದ್ದವು.

“ತತ್ತಿ ಒಡದು ಮರಿ ಆಗೋತನಕ ಕೆರಿ ಹೂಳೆತ್ತೋ ಕೆಲಸ ನಿಲ್ಸ್ಯಾರ್ರಿ ಸರ್,” ಬೀರೇಶ ಹೇಳಿದ. “ಜೆಸಿಬಿ ದಂಡಿ ಮ್ಯಾಲೇ ನಿಂತಾವ. ಒಂದು ತತ್ತಿ ಹೋತು. ಹೆದರಿ ಹಕ್ಕಿ ಇನ್ನೊಂದನ್ನೂ ಬಿಟ್ಟು ಹಾರಿದ್ರ ಗೂಡು ಖಾಲಿ. ಗೂಡು ಖಾಲಿ ಅಂದ್ರ ನಾಳಿಗೇ ಮಷೀನ್ ಇಳೀತಾವ. ಆಪೂ ಹೋಗ್ತದ, ಹಕ್ಕೀನೂ ಹೋಗ್ತಾವ.”

ಎಂಟು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ಗುರುತು ಎಂಬ ಕಡೆ ಮರಿಲಿಂಗ ತಾವೇ ಬರೆಸಿದರು: ಬಿಳಿ, ತುಸು ಹಸಿರು ಛಾಯೆ, ಅಲ್ಲಲ್ಲಿ ಕಂದು ಮಚ್ಚೆ, ದೊಡ್ಡವರ ಮುಷ್ಟಿಗಿಂತ ದೊಡ್ಡದು. ಬಾಷುಮಿಯಾ ಬರೆದು, ಅಕ್ಷರವನ್ನೇ ನೋಡುತ್ತ ಕೂತರು. ಅಷ್ಟು ಚೆಂದದ ಮಾಲು ಅವರ ರಿಜಿಸ್ಟರಿನಲ್ಲಿ ಹಿಂದೆ ಬಂದಿರಲಿಲ್ಲ.

ಒಂಬತ್ತು ನಲವತ್ತೈದಕ್ಕೆ ಜೀಪು ತೆಗ್ಗಿನಾಳ ಕೆರೆಯ ಏರಿ ತಲುಪಿತು. ಜೊತೆಗೆ ಮಹಿಳಾ ಕಾನ್‌ಸ್ಟೇಬಲ್ ಸವಿತಾ ಇದ್ದಳು. ಹೊಸ ಕ್ರಿಮಿನಲ್ ಕಾಯ್ದೆ ಬಂದು ಎರಡು ತಿಂಗಳಾಗಿತ್ತು. ಪಂಚನಾಮೆಯನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಬೇಕಿತ್ತು, ಆ ಕೆಲಸ ಅವಳದು.

ಮೋಡ ಕವಿದ ಬೆಳಗು. ಗಾಳಿ ಇರಲಿಲ್ಲ. ಕೆರೆಯೊಳಗೂ ಮೋಡವೇ ತುಂಬಿತ್ತು. ಬೂಟು ಬಿಚ್ಚಿ, ಪ್ಯಾಂಟು ಮಡಚಿ ನೀರಿಗಿಳಿದಾಗ ಮರಿಲಿಂಗರಿಗೆ ತಾನು ಕೆಲಸದ ಮೇಲೆ ಬಂದಿದ್ದೇನೆಂಬುದೇ ಮರೆತುಹೋಯಿತು. ಬೆಚ್ಚನೆಯ ನೀರು, ಬೆರಳ ಸಂದಿಯಲ್ಲಿ ಮೇಲೆ ಬರುವ ಮೆತ್ತನೆ ಕೆಸರು, ಸುತ್ತಲೂ ಎದೆಮಟ್ಟದ ಆಪು. ಹಿಂದೆ ಬರುತ್ತಿದ್ದ ಬಾಷುಮಿಯಾ ಕೂಡ ಮಸೀದಿಯೊಳಗೆ ಕಾಲಿಟ್ಟವರಂತೆ ತಲೆ ತಗ್ಗಿಸಿ ನಡೆದರು.

“ಐದು ನಿಮಿಷ ಅಷ್ಟೇ ರಿ,” ಬೀರೇಶ ಪಿಸುಗುಟ್ಟಿದ.

ಕಾವಿಗೆ ಕೂತಿದ್ದ ಹಕ್ಕಿ ಎದ್ದಿತು. ಇಷ್ಟು ಹೊತ್ತು ಹುಲ್ಲಿನೊಳಗೆ ಏನೂ ಇಲ್ಲದ ಕಡೆ ಆಳೆತ್ತರದ ಒಂದು ಜೀವ ಎದ್ದು ನಿಂತಿದ್ದನ್ನು ನೋಡಿ ಸವಿತಾ ಮೊಬೈಲನ್ನು ಮೇಲಕ್ಕೆತ್ತಿ ಹಿಡಿದಳು. ಅದು ಇಪ್ಪತ್ತು ಹೆಜ್ಜೆ ಸರಿಯಿತು, ಹಾರಲಿಲ್ಲ. ಆಚೆ ದಂಡೆಯಿಂದ ಜೋಡಿ ಹಕ್ಕಿ ರೆಕ್ಕೆ ಬಿಚ್ಚಿಕೊಂಡು ನೀರಲ್ಲಿ ಓಡೋಡಿ ಬಂದು ಪಕ್ಕಕ್ಕೆ ನಿಂತಿತು. ಎರಡೂ ಪೊಲೀಸರನ್ನು ನೋಡುತ್ತಿದ್ದವು. ಮೂವತ್ತು ವರ್ಷ ಖಾಕಿ ಹಾಕಿದವನಿಗೂ ಆ ನೋಟದೆದುರು ತಪ್ಪು ಮಾಡಿದಂತೆ ಅನ್ನಿಸುವುದು ಸಹಜ.

ಗೂಡಿನಲ್ಲಿ ಒಂದೇ ಮೊಟ್ಟೆ ಇತ್ತು. ಅದರ ಪಕ್ಕ, ಹುಲ್ಲನ್ನು ಚೊಕ್ಕಟವಾಗಿ ಸರಿಸಿ ಯಾರೋ ಎರಡು ವಸ್ತು ಇಟ್ಟಿದ್ದರು. ತುಕ್ಕು ಹಿಡಿದ ಒಂದು ಕಬ್ಬಿಣದ ಮೊಳೆ. ಒಂದು ಇದ್ದಿಲಿನ ಚೂರು.

“ಮಾಟ ಮಾಡ್ಯಾರೇನ್ರಿ ಸಾಹೇಬ್ರ?” ಬಾಷುಮಿಯಾ ಎರಡು ಹೆಜ್ಜೆ ಹಿಂದೆ ಸರಿದರು.

ಸವಿತಾ ಮಾತ್ರ ಬಗ್ಗಿ ನೋಡಿ ನಕ್ಕಳು. “ಮಾಟ ಅಲ್ರಿ. ನಮ್ಮವ್ವನೂ ಇಡ್ತಾಳ. ಕೋಳಿ ಕಾವಿಗೆ ಕೂಡಿಸಿದಾಗ ಬುಟ್ಟ್ಯಾಗ ಕಬ್ಬಿಣ, ಇದ್ದಿಲಿ ಇಡ್ತಾರ್ರಿ. ಗುಡುಗಿಗೆ ತತ್ತಿ ಕೆಡಬಾರದು ಅಂತ.”

“ನಿನ್ನೆ ಗುಡುಗಿತ್ತೇನು?”

“ಸಂಜೀಕ ಬಾಳ ಗುಡುಗಿತ್ರಿ ಸರ್,” ಎಂದ ಬೀರೇಶ.

ಮರಿಲಿಂಗ ಮೊಳೆಯನ್ನು ಕರವಸ್ತ್ರದಲ್ಲಿ ಎತ್ತಿಕೊಂಡರು. ಒಂದು ಮೊಟ್ಟೆ ಕದ್ದವರು ಇನ್ನೊಂದರ ಕ್ಷೇಮಕ್ಕೆ ಕಾವಲಿಟ್ಟು ಹೋಗಿದ್ದರು. ತಿನ್ನುವವರು ಹೀಗೆ ಮಾಡುವುದಿಲ್ಲ, ಮಾರುವವರಂತೂ ಮಾಡುವುದೇ ಇಲ್ಲ. ಹಾಗಾದರೆ ಆ ಮೊಟ್ಟೆ ಇನ್ನೂ ಎಲ್ಲೋ ಬಿಸಿಯಾಗಿದೆ ಎಂದು ಅವರಿಗೆ ಗಟ್ಟಿಯಾಗಿ ಅನ್ನಿಸಿತು. ಅನ್ನಿಸಿದ್ದೇ ತಡ, ಏರಿಯ ಕಡೆ ಬಿರುಸಾಗಿ ಹೆಜ್ಜೆ ಹಾಕಿದರು.

ಏರಿಯ ಮೇಲೆ ತಗಡಿನ ಗುಡಿಸಲು. ಅದರಲ್ಲಿ ಗೂಡಿನ ಕಾವಲುಗಾರ ಅಮಾತೆಪ್ಪ. ವಯಸ್ಸು ಐವತ್ತೆಂಟು, ತೆಗ್ಗಿನಾಳದವನೇ, ಇಲಾಖೆಯ ದಿನಗೂಲಿ. ಬೆಳಿಗ್ಗೆ ಆರೂವರೆಗೆ ದುರ್ಬೀನಿನಲ್ಲಿ ನೋಡಿ, ತತ್ತಿ ಒಂದೇ ಅದ ಎಂದು ಬೀರೇಶನಿಗೆ ಫೋನು ಮಾಡಿದವನು ಅವನೇ. ಗಂಟೆಗೊಮ್ಮೆ ಬರೆಯುವ ಹಾಜರಿ ಪುಸ್ತಕ ಅವನ ತೊಡೆಯ ಮೇಲಿತ್ತು. ಹನ್ನೊಂದಕ್ಕೆ ವಿಚಾರಣೆ ಶುರುವಾಯಿತು.

“ಐದಕ್ಕ ತತ್ತಿ ಎಷ್ಟಿದ್ವು?”

“ಎರಡು ರಿ.”

“ಆರಕ್ಕ?”

“ಎರಡು ರಿ. ಬರದೇನಲ್ರಿ.”

“ಆರೂವರಿಗೆ?”

“ಒಂದು ರಿ.”

“ಅರ್ಧ ತಾಸಿನಾಗ, ಬೆಳಕು ಹರದ ಮ್ಯಾಲ, ನಿಮ್ಮ ಕಣ್ಣ ಮುಂದ ಒಬ್ಬರು ನೀರಿಗಿಳದು ಹೋಗಿ ಬಂದ್ರು. ನೀವು ನೋಡಲಿಲ್ಲ.”

ಮರಿಲಿಂಗ ಪುಸ್ತಕ ತಿರುವಿದರು. ಪ್ರತಿ ದಿನದ ಐದು ಗಂಟೆಯ ಸಾಲು ಮತ್ತು ಆರು ಗಂಟೆಯ ಸಾಲು ಒಂದೇ ಉಸಿರಿನಲ್ಲಿ ಬರೆದಂತಿದ್ದವು.

“ಆರರ ಸಾಲು ಐದಕ್ಕೇ ಬರೀತೀರಿ. ಹೌದಲ್ಲ?”

“ಐದೂವರಿಗೆ ಚಾ ಕುಡಿಲಾಕ ಮನಿಗಿ ಹೋಗ್ತೇನ್ರಿ ಸಾಹೇಬ್ರ. ಆರೂ ಹತ್ತಕ್ಕ ಹೊಳ್ಳಿ ಬರ್ತೇನಿ. ಥಂಡಿ ಆಗ್ತದ್ರಿ.”

“ಇದು ಯಾರಿಗೆ ಗೊತ್ತು?”

“ಯಾರಿಗೂ ಇಲ್ರಿ. ಮನ್ಯಾಕಿಗೆ ಬಿಟ್ರ.”

“ಇವತ್ತು ಮನ್ಯಾಗ ಯಾರಿದ್ರು?”

“ಯಾರೂ ಇದ್ದಿಲ್ರಿ. ಚಾ ಕಿಟ್ಲಿ ಒಲಿ ಮ್ಯಾಲಿತ್ತು. ಕಳೆ ತೆಗಿಲಾಕ ಲಗೂ ಹೋಗ್ಯಾಳ ಅಂದ್ಕೊಂಡೆ.”

ಮರಿಲಿಂಗ ಪುಸ್ತಕ ಮುಚ್ಚಿದರು. ಹೇಳಿದವನಿಗೆ ತಾನೇನು ಹೇಳಿದೆನೆಂಬುದು ಹೊಳೆದಿರಲಿಲ್ಲ. ಕೇಳಿದವರಿಗೆ ಹೊಳೆದಿತ್ತು, ಮತ್ತು ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತ್ತು. ಒಂದು ಗುಮಾನಿಯ ಮೇಲೆ ಸೀದಾ ಒಬ್ಬರ ಮನೆಗೆ ನುಗ್ಗುವ ಮನಸ್ಸಾಗದೆ ಅವರು ಊರಿನ ಎಲ್ಲ ಮನೆಯ ಕೋಳಿ ಬುಟ್ಟಿ ನೋಡುವುದೆಂದು ಠರಾಯಿಸಿದರು.

ಹನ್ನೆರಡಕ್ಕೆ ತೆಗ್ಗಿನಾಳದಲ್ಲಿ ಹಿಂದೆಂದೂ ನಡೆಯದ ತನಿಖೆ ನಡೆಯಿತು. ದಾರಿ ತೋರಿಸಲು ಅಮಾತೆಪ್ಪ ಮುಂದೆ, ಹಿಂದೆ ಮೂವರು ಪೊಲೀಸರು ಮತ್ತು ಬೀರೇಶ. ಮನೆ ಮನೆಯ ಬಾಗಿಲಲ್ಲಿ ಬಾಷುಮಿಯಾ ಲಾಠಿ ಬಗಲಲ್ಲಿಟ್ಟು ಗಂಭೀರವಾಗಿ ಕೇಳುತ್ತಿದ್ದರು.

“ನಿಮ್ಮನಿ ಕೋಳಿ ಕಾವಿಗೆ ಕೂತದೇನು?”

“ಕೂತದ್ರಿ. ಯಾಕ್ರಿ, ಅದೇನು ಮಾಡ್ಯಾದ?”

“ಸುಮ್ಮ ತೋರಸ್ರಿ.”

ಮರದ ಬುಟ್ಟಿಯಲ್ಲಿ, ಹರಿದ ಚೀಲದ ಮೇಲೆ, ಕಾಳು ತುಂಬಿಡುವ ಹಗೇವಿನ ಪಕ್ಕದ ಮೂಲೆಯಲ್ಲಿ ಕೋಳಿಗಳು ಕಣ್ಣು ಅರೆಮುಚ್ಚಿ ಕೂತಿದ್ದವು. ಸವಿತಾ ಕೈ ತೂರಿಸಿ ನೋಡುವಳು, ಕೋಳಿ ಕುಕ್ಕುವುದು, ಅವಳು ತಲೆ ಅಲ್ಲಾಡಿಸುವಳು. ಪ್ರತಿ ಬುಟ್ಟಿಯಲ್ಲೂ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಊರಿಗೆ ಊರೇ ಮಧ್ಯಾಹ್ನದ ಹೊತ್ತು ಮೆಲ್ಲಗೆ ಕಾವು ಕೊಡುತ್ತ ಕೂತಂತಿತ್ತು. ಮರಿಲಿಂಗರಿಗೆ ಬಾಲ್ಯದಲ್ಲಿ ಜ್ವರ ಬಂದಾಗ ಕಾಣುತ್ತಿದ್ದ ಕನಸಿನೊಳಗೆ ಹೊಕ್ಕಂತೆ ಆಗುತ್ತಿತ್ತು.

ಏಳನೆಯ ಮನೆಯ ಮುಂದೆ ಅಮಾತೆಪ್ಪ ನಿಲ್ಲದೆ ಮುಂದೆ ನಡೆದ. “ಇದು ನಮ್ಮನಿ ರಿ. ಮುಂದಿಂದು ಭೀಮರಾಯನ್ದು.”

“ನಿಮ್ಮನ್ಯಾಗ ಕೋಳಿ ಇಲ್ಲೇನು?”

“ಒಂದು ಕೆಂಪು ಹ್ಯಾಟಿ ಅದ್ರಿ.” ಅಷ್ಟು ಹೇಳಿ ಅವನು ನಿಂತ. ನಿಂತವನ ಮುಖ ನಿಧಾನವಾಗಿ ಬಿಳಿಚಿತು.

ಪಡಸಾಲೆಯಲ್ಲಿ ಅವನ ಹೆಂಡತಿ ಮೌನಮ್ಮ ಬುಟ್ಟಿಯೊಂದರ ಪಕ್ಕ ಕೂತಿದ್ದಳು. ಐವತ್ತರ ಆಸುಪಾಸು, ತೆಳ್ಳನೆ ಹೆಂಗಸು. ಎಡ ಮುಂಗೈಗೆ ಅರಿಶಿನ ಮೆತ್ತಿತ್ತು, ಅದರಡಿ ಉದ್ದಕ್ಕೆ ತರಚಿದ ಗಾಯ. ಪೊಲೀಸರನ್ನು ನೋಡಿ ಅವಳು ಏಳಲಿಲ್ಲ.

“ಹ್ಞೂಂ ರಿ, ಇಲ್ಲೇ ಅದ. ಗದ್ದಲ ಮಾಡಬ್ಯಾಡ್ರಿ. ಹ್ಯಾಟಿ ಎದ್ದು ಹೋಗ್ತದ.”

ಹೊರಗೆ ನಿಂತಿದ್ದ ಅಮಾತೆಪ್ಪ ಒಮ್ಮೆಲೇ ಕೂಗಿದ. “ನಾನೇ ತಂದೇನ್ರಿ ಸಾಹೇಬ್ರ! ಆಕಿಗೆ ಏನೂ ಗೊತ್ತಿಲ್ಲ!”

“ಸುಳ್ಳ್ರಿ,” ಮೌನಮ್ಮ ತಣ್ಣಗೆ ಹೇಳಿದಳು. “ಇವ್ರಿಗೆ ಕೋಳಿ ಯಾವುದು ಹುಂಜ ಯಾವುದು ಇವತ್ತಿಗೂ ತಿಳಿಯಂಗಿಲ್ಲ. ಇವ್ರು ಚಾ ಕುಡಿಲಾಕ ಮನಿ ಕಡೆ ಬಂದ್ರು, ನಾ ಹಿತ್ತಲ ಹಾದ್ಯಾಗ ಕೆರಿಗೆ ಹೋದೆ. ಕೈ ಅದೇ ಹಕ್ಕಿ ಹೊಡದದ್ದು. ಹೊಡಿಲಿ ಬಿಡ್ರಿ, ಅದ್ರ ತಪ್ಪಿಲ್ಲ.”

ಒಂದು ಗಂಟೆ ಹತ್ತು ನಿಮಿಷಕ್ಕೆ ಪಂಚರ ಸಮಕ್ಷಮ ಜಪ್ತಿ ಪಂಚನಾಮೆ. ಸವಿತಾ ಕೋಳಿಯನ್ನು ಎತ್ತಿ ಹಿಡಿದಳು. ಕೆಳಗೆ ಭತ್ತದ ಹೊಟ್ಟಿನ ಹಾಸಿನಲ್ಲಿ ಮಸುಕು ಬಿಳಿಯ ದೊಡ್ಡ ಮೊಟ್ಟೆ, ಅದರ ಮೈ ಮೇಲೆ ಗುರುತಿಗೆ ಇದ್ದಿಲಿನ ಒಂದು ಗೆರೆ. ಬಾಷುಮಿಯಾ ರೂಢಿಯಂತೆ ಚೀಲದಿಂದ ಬಿಳಿ ಬಟ್ಟೆ, ಸುತಳಿ, ಅರಗು, ಕಡ್ಡಿಪೆಟ್ಟಿಗೆ ತೆಗೆದರು. ಮುದ್ದೆಮಾಲು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ, ಅರಗು ಕಾಯಿಸಿ ಸೀಲು ಒತ್ತಿ, ಚೀಟಿ ಅಂಟಿಸಿ ಠಾಣೆಯ ಕಪಾಟಿಗೆ ಹಾಕಬೇಕು. ಮೂವತ್ತೊಂದು ವರ್ಷ ಹಾಗೇ ಮಾಡಿದ್ದರು.

ಅವರು ಎರಡೂ ಕೈಯಲ್ಲಿ ಮೊಟ್ಟೆ ಎತ್ತಿಕೊಂಡರು. ಹಾಗೇ ನಿಂತರು.

“ಸಾಹೇಬ್ರ... ಇದು ಬಿಸಿ ಅದ್ರಿ.”

“ಬುಟ್ಟ್ಯಾಗ ಇಡ್ರಿ ಬಾಷುಮಿಯಾ.”

“ರೂಲು?”

“ಹ್ಯಾಟಿ ಕೂಡಲಿ. ಅದೇ ಸೀಲು.”

ಬಾಷುಮಿಯಾ ಮೊಟ್ಟೆ ಇಳಿಸಿದರು. ಕೆಂಪು ಕೋಳಿ ಅವರ ಬೆರಳಿಗೊಂದು ಕುಕ್ಕಿ, ರೆಕ್ಕೆ ಅಗಲಿಸಿ ಕೂತುಕೊಂಡಿತು. ಬೀರೇಶ ಹಕ್ಕಿ ಬಲ್ಲವರಿಗೆ ಫೋನು ಹಚ್ಚಿದ. ಕೋಳಿಯ ಕಾವು ಇಷ್ಟು ದೊಡ್ಡ ಮೊಟ್ಟೆಗೆ ಬಹಳ ದಿನ ಸಾಲದು, ಇವತ್ತೇ ಗೂಡಿಗೆ ಮರಳಿಸಿದರೆ ಬದುಕೀತು, ದಾರಿಯಲ್ಲಿ ಮಾತ್ರ ಆರಬಾರದು ಎಂದು ಅವರು ಹೇಳಿದರು. ಮರಿಲಿಂಗ ಫೋಟೋ, ವಿಡಿಯೋ ಸಮೇತ ಸುರಪುರದ ನ್ಯಾಯಾಲಯಕ್ಕೆ ಅರ್ಜಿ ಕಳಿಸಿದರು. ಮಾಲನ್ನು ಅದರ ವಾರಸುದಾರರಿಗೆ ಒಪ್ಪಿಸಲು ಅಪ್ಪಣೆ ಬೇಕು ಎಂದು ಅದರಲ್ಲಿತ್ತು. ವಾರಸುದಾರರು ಎಂಬಲ್ಲಿ ‘ಸಾರಸ ಜೋಡಿ, ತೆಗ್ಗಿನಾಳ ಕೆರೆ’ ಎಂದು ಬರೆದಿದ್ದರು.

ಕಾಯುವ ಹೊತ್ತಿನಲ್ಲಿ ಮೌನಮ್ಮನ ಹೇಳಿಕೆ.

“ಯಾಕ ತಂದ್ರಿ ಅವ್ವ?”

ಅವಳು ಬೀರೇಶನ ಕಡೆ ಕೈ ತೋರಿದಳು. “ಈ ಅಪ್ಪಗ ಕೇಳ್ರಿ. ಹೋದ ವಾರ ಶಾಲ್ಯಾಗ ಮೀಟಿಂಗ್ ಮಾಡಿ ಏನು ಹೇಳಿದ್ರು?”

ಬೀರೇಶನಿಗೆ ನೆನಪಾಗಲು ತುಸು ಹೊತ್ತು ಹಿಡಿಯಿತು. ನೆನಪಾದಾಗ ಅವನ ದನಿ ಇಳಿಯಿತು. “ಎರಡನೇ ಮರಿ ಒಂದು ದಿನ ತಡ ಆಗಿ ಹುಟ್ತದ... ದೊಡ್ಡದನ್ನ ಕರಕೊಂಡು ತಾಯಿ ತಂದಿ ನಡದುಬಿಡ್ತಾವ... ಎಷ್ಟೋ ಸಲ ಸಣ್ಣದು ಹಿಂದ ಬಿದ್ದು ಉಳಿಯಂಗಿಲ್ಲ, ಒಂದು ಉಳದ್ರೂ ನಮ್ಮ ಪುಣ್ಯ ಅಂತ ಹೇಳಿದ್ದೆ ರಿ ಸರ್. ಪುಸ್ತಕದಾಗ ಇದ್ದದ್ದು.”

“ಎಲ್ಲಾರೂ ಕೇಳಿ ತಲಿ ಅಲ್ಲಾಡ್ಸಿದ್ರು,” ಮೌನಮ್ಮ ಹೇಳಿದಳು. “ನನಗ ಆವತ್ತಿಂದ ನಿದ್ದಿ ಇಲ್ರಿ. ನಾವು ಅವಳಿ ಜವಳಿ. ನಾ ಎರಡನೇದಾಕಿ. ರಾಮಸಮುದ್ರ ನಮ್ಮ ತವರು. ನಾಕು ವರ್ಷ ಇದ್ದಾಗ ನಮ್ಮವ್ವ ಕೆಲಸಕ್ಕ ಮುಂಬೈಗೆ ಹೊಂಟಳು. ತಲಿ ಮ್ಯಾಲ ಗಂಟು, ಬಗಲಾಗ ಒಂದು ಕೂಸು. ಎರಡು ಎತ್ತಾಕ ಕೈ ಇದ್ದಿಲ್ಲ. ನನಗ ಅತ್ತಿ ಮನ್ಯಾಗ ಬಿಟ್ಲು. ಸೈದಾಪುರ ಸ್ಟೇಷನ್ ಹಾದಿಗುಂಟ ನಾ ಹಿಂದ ಓಡಿದೆ ರಿ. ಹೊಳ್ಳಿ ನೋಡಿದ್ಲು. ನಿಂದ್ರಲಿಲ್ಲ.”

“ಆಮ್ಯಾಲ ಬಂದ್ಲೇನು?”

“ಎರಡು ವರ್ಷಕ್ಕ ಬಂದ್ಲು. ಅಷ್ಟೊತ್ತಿಗೆ ನನಗ ಗುರುತು ಸಿಗಲಿಲ್ಲ.” ಅವಳು ಬುಟ್ಟಿಯ ಅಂಚು ಸವರಿದಳು. “ಎರಡು ತತ್ತಿಯೊಳಗ ಹೊಸಾದು ಯಾವುದು, ಹಳೇದು ಯಾವುದು ನನಗ ತಿಳೀತದ್ರಿ. ಹೊಸಾದು ಮಾಸಿರಂಗಿಲ್ಲ. ಅದನ್ನಷ್ಟೇ ತಂದೆ. ಹೆಂಗೂ ಬಿಟ್ಟು ಹೋಗೋದು, ನಮ್ಮನ್ಯಾಗರ ಇರಲಿ ಅಂತ. ಉಳದದ್ದಕ್ಕ ಮೊಳಿ ಇಟ್ಟು ಬಂದೇನಿ.”

ಪೆನ್ನು ಹಿಡಿದಿದ್ದ ಬಾಷುಮಿಯಾ ಕನ್ನಡಕ ತೆಗೆದು ಒರೆಸಿಕೊಂಡರು. ಮರಿಲಿಂಗರಿಗೆ ಅವಳ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು. ಇಂಥ ಪ್ರೀತಿಯಿಂದಲೇ ಆ ಗೂಡು ಹಾಳಾಗಬಹುದಿತ್ತು.

“ಅವ್ವ, ಬಿಟ್ಟು ಹೋಗ್ತಾವೋ ಇಲ್ಲೋ, ಅವು ಇನ್ನೂ ಬಿಟ್ಟಿಲ್ಲ. ಬಿಡಂಗ ಮಾಡಿದ್ದು ನೀವು.”

ಆ ಮಾತು ಅವಳಿಗೆ ತಾಗಿತು. ಮೊದಲ ಬಾರಿ ಅವಳ ಕಣ್ಣು ತುಂಬಿದವು.

ಎರಡು ಇಪ್ಪತ್ತೈದಕ್ಕೆ ನ್ಯಾಯಾಲಯದ ಆದೇಶ ಬಂತು. ಮೊಟ್ಟೆ ಒಯ್ಯಬೇಕಾದವರು ಯಾರು ಎಂಬ ಪ್ರಶ್ನೆ ಎದ್ದಾಗ ಮರಿಲಿಂಗ ಮೌನಮ್ಮನ ಕಡೆಗೇ ನೋಡಿದರು. ಅವಳು ಇದ್ದಿಲಿನ ಗೆರೆಯನ್ನು ಸೆರಗಿನಲ್ಲಿ ಒರೆಸಿ, ಮೊಟ್ಟೆಯನ್ನು ಮಡಿಲಲ್ಲಿ ಕಟ್ಟಿಕೊಂಡಳು. ಮೂರೂವರೆಗೆ ಮತ್ತೆ ಅದೇ ನೀರು, ಅದೇ ಆಪು. ಮುಂದೆ ಆರೋಪಿ, ಹಿಂದೆ ಇನ್ಸ್‌ಪೆಕ್ಟರ್. ಅವಳು ಹುಲ್ಲನ್ನು ಮುರಿಯದೆ, ಭತ್ತದ ಸಾಲಿನಲ್ಲಿ ಕಳೆ ತೆಗೆಯುವವರಂತೆ ಸಂದು ನೋಡಿ ಹೆಜ್ಜೆ ಇಡುತ್ತಿದ್ದಳು. ಮೋಡದ ಹಿಂದಿನ ಬೆಳಕು ನೀರಲ್ಲೆಲ್ಲ ಹರಡಿತ್ತು. ಎಲ್ಲಿ ಕೆರೆ ಮುಗಿದು ಎಲ್ಲಿ ಆಕಾಶ ಶುರುವಾಯಿತೋ ಮರಿಲಿಂಗರಿಗೆ ತಿಳಿಯದಾಯಿತು.

ಹಕ್ಕಿ ಎದ್ದು ಸರಿಯಿತು. ಮೌನಮ್ಮ ಗೂಡಿನಲ್ಲಿ ಮೊಟ್ಟೆ ಇಟ್ಟು, ಹಿಂದೆ ನೋಡದೆ ಬಂದಳು.

ಏರಿಯ ಮೇಲೆ ಎಲ್ಲರೂ ಕಾದರು. ಐದು ನಿಮಿಷ. ಹತ್ತು. ಸಾರಸ ಗೂಡಿನ ಸುತ್ತ ಒಂದು ಸುತ್ತು ಹಾಕಿ ನಿಂತಿತು. ಹದಿನೈದು. ಅಮಾತೆಪ್ಪ ದುರ್ಬೀನು ಕಣ್ಣಿಂದ ಇಳಿಸಲಿಲ್ಲ. ಮೂರು ಐವತ್ತೆರಡಕ್ಕೆ ಹಕ್ಕಿ ಗೂಡು ಹತ್ತಿತು, ಕತ್ತು ಬಗ್ಗಿಸಿ ನೋಡಿತು, ಕೊಕ್ಕಿನಿಂದ ಒಂದು ಮೊಟ್ಟೆಯನ್ನು ಉರುಳಿಸಿತು, ಆಮೇಲೆ ಇನ್ನೊಂದನ್ನು ಉರುಳಿಸಿತು. ಕೂತಿತು.

ಎರಡೂ ಹಕ್ಕಿಗಳು ಒಟ್ಟಿಗೆ ತಲೆ ಎತ್ತಿ ಕೂಗಿದವು. ಆ ಕೂಗು ಕೆರೆ ದಾಟಿ, ಜೆಸಿಬಿ ನಿಂತ ದಂಡೆ ದಾಟಿ ಊರೊಳಗೆ ಹೋಯಿತು. ಬಾಷುಮಿಯಾ ಸಮಯ ಬರೆದುಕೊಳ್ಳಲು ಮರೆತರು. ಸವಿತಾ ನೆನಪಿಸಬೇಕಾಯಿತು.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಸಂಜೆ ಐದು ನಲವತ್ತಕ್ಕೆ ಸವಿತಾ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೌನಮ್ಮನನ್ನು ಬಂಧಿಸಿದಳು. ಬಂಧನದ ವಿಷಯ ಯಾರಿಗೆ ತಿಳಿಸಲಾಯಿತು ಎಂಬಲ್ಲಿ ಅಮಾತೆಪ್ಪ ಸಹಿ ಹಾಕಿದ. ಸಹಿ ಹಾಕಿದವನು ತನ್ನ ಹಾಜರಿ ಪುಸ್ತಕವನ್ನೂ ತೆಗೆದು, ಆರು ಗಂಟೆಯ ಸಾಲಿಗೆ ಗೀಟು ಎಳೆದು, ‘ಚಾ ಕುಡಿಯಲು ಮನೆಗೆ ಹೋಗಿದ್ದೆ’ ಎಂದು ಬರೆದು ಬೀರೇಶನ ಕೈಗೆ ಕೊಟ್ಟ. ಬೀರೇಶ ಅದನ್ನು ಓದಿ, ಪುಸ್ತಕವನ್ನು ಅವನಿಗೇ ವಾಪಸು ಕೊಟ್ಟ. “ನಾಳಿಂದ ಚಾ ಇಲ್ಲೇ ತರಿಸ್ತೇನಿ ಕಾಕಾ.”

ಮರುದಿನ ಮೌನಮ್ಮನಿಗೆ ಜಾಮೀನು ಸಿಕ್ಕಿತು. ಪ್ರತಿ ಸೋಮವಾರ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಬೇಕು, ಕೆರೆಯ ಹತ್ತಿರ ಸುಳಿಯಬಾರದು ಎಂಬ ಷರತ್ತು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಮರಿಲಿಂಗ ಬರೆದರು: ಲಾಭದ ಆಸೆ ಕಂಡುಬಂದಿಲ್ಲ. ಹಿಂದೆ ಉಳಿಯುವ ಮರಿಯ ಮೇಲಿನ ಕನಿಕರ.

ಸೆಪ್ಟೆಂಬರ್ 23, ಸೋಮವಾರ. ಹತ್ತು ಗಂಟೆಗೆ ಅವಳು ಬಂದಳು. ಕೆರೆಯ ಸುದ್ದಿ ಗಂಡನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಬಾಷುಮಿಯಾ ರಿಜಿಸ್ಟರು ಬಿಚ್ಚಿ ಶಾಯಿಯ ಪ್ಯಾಡು ಮುಂದಿಟ್ಟರು. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡವಳು ಒತ್ತದೆ ಹಾಗೇ ನಿಂತಳು.

ಮರಿಲಿಂಗ ಒಳಗಿನಿಂದ ಬಂದರು. ಅವರ ಪ್ಯಾಂಟಿನ ಅಂಚು ಒದ್ದೆಯಾಗಿತ್ತು.

“ದೊಡ್ಡದು ಶನಿವಾರ ಹುಟ್ಟಿತು ಅವ್ವ. ಸಣ್ಣದು ನಿನ್ನೆ ಮಧ್ಯಾಹ್ನ.”

“ಅದೂ ಹುಟ್ಟಿತೇನ್ರಿ?”

“ಹುಟ್ಟಿತು. ಮುಂಜಾನಿ ಗೂಡು ಬಿಟ್ಟು ನಡದ್ವು. ನಾ ಏರಿ ಮ್ಯಾಲೇ ಇದ್ದೆ. ದೊಡ್ಡದು ಅಪ್ಪನ ಹಿಂದ ಹೋತು. ಸಣ್ಣದು ಆಪಿನಾಗ ಸಿಕ್ಕೊಂಡು ಹಿಂದ ಬಿತ್ತು.”

ಅವಳ ಕೈ ಗಾಳಿಯಲ್ಲೇ ಉಳಿಯಿತು. “ತಾಯಿ?”

“ಹೊಳ್ಳಿ ನೋಡಿತು.” ಮರಿಲಿಂಗ ರಿಜಿಸ್ಟರನ್ನು ಅವಳ ಕಡೆ ಸರಿಸಿದರು. “ನಿಂತಿತು ಅವ್ವ. ಅದು ಬರೋತನಕ ನಿಂತಿತು.”

ಮೌನಮ್ಮ ಹೆಬ್ಬೆಟ್ಟು ಒತ್ತಿದಳು. ಆ ಸೋಮವಾರದ ಗುರುತು ರಿಜಿಸ್ಟರಿನಲ್ಲಿ ನೀರು ಬಿದ್ದು ಹರಡಿದೆ. ಇನ್ನೊಮ್ಮೆ ಒತ್ತಿಸಬೇಕೆಂಬ ನಿಯಮ ಬಾಷುಮಿಯಾರಿಗೆ ಗೊತ್ತಿತ್ತು, ಆದರೆ ಅವರು ಪುಸ್ತಕ ಮುಚ್ಚಿಬಿಟ್ಟರು.